ಹಿಟ್ಟಿನ ನಡುವಿನ ಗುಳಿ

ಆ ಶನಿವಾರ ನಾನು ಬಾಗಿಲಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷಗಳಾದರೂ ನನ್ನ ನೆನಪು ಅಲ್ಲಿಂದಲೇ ಶುರುವಾಗುತ್ತದೆ. ಹುಡುಗಿ, ಪರಾತ, ಸ್ಟೋವಿನ ಮೇಲಿನ ಬಿಸಿನೀರು ಎಲ್ಲ ಆಮೇಲೆ. ಮೊದಲು ಕಾಣುವುದು ಬೆನ್ನ ಹಿಂದಿನ ನನ್ನ ಕೈಗಳು. ಅವನ್ನು ನಾನೇ ನೋಡಿರಲು ಸಾಧ್ಯವಿಲ್ಲ. ಆದರೂ ಕಾಣುತ್ತವೆ.

ಧಾರವಾಡದ ಮಾಳಮಡ್ಡಿಯ ಒಂದು ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಬಿ.ಎಸ್‌ಸಿ., ಬಿ.ಇಡಿ. ಮುಗಿಸಿ ಕೆಲಸಕ್ಕೆ ಸೇರಿ ಐದಾರು ವರ್ಷಗಳಾಗಿದ್ದವು. ಎರಡು ಸಾವಿರದ ಆಚೀಚಿನ ಕಾಲ ಅದು. ಓಣಿಗೊಂದು ಕಂಪ್ಯೂಟರ್ ಕ್ಲಾಸಿನ ಬೋರ್ಡು ಬಂದಿತ್ತು. ಹುಬ್ಬಳ್ಳಿಯ ಗಿರಣಿಗಳಲ್ಲಿ ಮೊದಲಿನ ಕೆಲಸ ಉಳಿದಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದರೆ ಎಲ್ಲೋ ಒಂದು ಗುಮಾಸ್ತಿಕೆ ಸಿಗುತ್ತದೆ ಎಂದು ನಂಬಿದ್ದ ತಾಯ್ತಂದೆಯರಿಗೆ ಏನು ಹೇಳಬೇಕೆಂದು ನಮಗೂ ತಿಳಿಯುತ್ತಿರಲಿಲ್ಲ. ಆಗ ಬಂದ ಹೊಸ ಮಾತು ಉದ್ಯಮಶೀಲತೆ. ಮಕ್ಕಳಿಗೆ ಶಾಲೆಯಲ್ಲೇ ಸ್ವಂತ ಉದ್ಯೋಗದ ಧೈರ್ಯ ಕಲಿಸಬೇಕು ಎಂದು ನಮ್ಮ ಶಾಲೆಯಿಂದ ಇಬ್ಬರನ್ನು ಮೂರು ದಿನದ ತರಬೇತಿಗೆ ಕಳಿಸಿದರು. ಒಬ್ಬಳು ನಾನು. ಇನ್ನೊಬ್ಬರು ನಿವೃತ್ತಿಗೆ ಹತ್ತಿರವಿದ್ದ ಕನ್ನಡದ ಮಾಸ್ತರರು.

ತರಬೇತಿ ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಸಭಾಗೃಹದಲ್ಲಿತ್ತು. ಕಲಿಸಲು ಬಂದವನು ನನಗಿಂತ ಚಿಕ್ಕವನು, ತೋಳು ಮಡಚಿದ ಅಂಗಿ ತೊಟ್ಟವನು, ಒಳ್ಳೆಯ ಮಾತುಗಾರ. ಎರಡನೆಯ ದಿನ ಅವನು ಒಂದು ಆಟ ಆಡಿಸಿದ. ಒಬ್ಬರು ಹಳೆಯ ಪೇಪರಿನಿಂದ ಗೋಪುರ ಕಟ್ಟಬೇಕು, ಉಳಿದವರು ಕೈ ಹಿಂದೆ ಕಟ್ಟಿಕೊಂಡು ನೋಡಬೇಕು, ಬಾಯಿ ಬಿಡಬಾರದು. ಗೋಪುರ ಬಿದ್ದಾಗ ನಮ್ಮ ಕೈಗಳು ತಾವಾಗಿ ಮುಂದೆ ಬಂದವು. ಅವನು ನಕ್ಕು, ಇದೇ ನಿಮ್ಮ ರೋಗ ಎಂದ. ಮಗು ಬೀಳಲಿ, ಬಿದ್ದೇ ಕಲಿಯುತ್ತದೆ, ಎತ್ತಲು ಓಡುವ ಶಿಕ್ಷಕರು ಅಂಜುಬುರುಕರನ್ನು ತಯಾರು ಮಾಡುತ್ತಾರೆ ಎಂದ. ನನಗೆ ಅದು ನಾಟಿತು. ಕಾಲೇಜು ಸೇರುವವರೆಗೆ ಒಂದು ಕಡ್ಡಿ ಗೀರಲು ಬಿಡದ ಮನೆಯಲ್ಲಿ ಬೆಳೆದವಳು ನಾನು. ನನ್ನ ಮಕ್ಕಳನ್ನು ಹಾಗೆ ಬೆಳೆಸುವುದಿಲ್ಲ ಎಂದುಕೊಂಡೆ. ನನ್ನ ಮಕ್ಕಳು ಎಂದರೆ ಶಾಲೆಯ ಮಕ್ಕಳು.

ಧಾರವಾಡಕ್ಕೆ ಮರಳುವಾಗ ಬಸ್ಸಿನಲ್ಲಿ ಕನ್ನಡದ ಮಾಸ್ತರರು ಹೇಳಿದರು, “ಒಂದು ಛಲೋ ಆತ್ ನೋಡ್ರಿ. ಕೈ ಹಿಂದ ಕಟಗೊಂಡ್ರ ಬೆತ್ತ ಹಿಡಿಯೂದರ ತಪ್ಪತೈತಿ.”

ನಾನು ನಗಲಿಲ್ಲ. ಮರುವಾರವೇ ಕೆಲಸ ಶುರು ಮಾಡಿದೆ. ಶನಿವಾರ ಬೆಳಗಿನ ಶಾಲೆ. ಕೊನೆಯ ಎರಡು ತಾಸು ಕಾರ್ಯಾನುಭವಕ್ಕೆ ಮೀಸಲಿದ್ದವು. ಅಲ್ಲಿಯವರೆಗೆ ಆ ತಾಸುಗಳಲ್ಲಿ ಹೆಣ್ಣುಮಕ್ಕಳು ಕಸೂತಿ ಹಾಕುತ್ತ ಹರಟೆ ಹೊಡೆಯುತ್ತಿದ್ದರು. ಒಂಬತ್ತನೆಯ ತರಗತಿಯ ಐದು ಹುಡುಗಿಯರ ಗುಂಪು ಮಾಡಿ ಸೋಪು ಮಾಡುವುದನ್ನು ಹೇಳಿಕೊಟ್ಟೆ. ಕೊಬ್ಬರಿ ಎಣ್ಣೆ, ನೀರು, ಕಾಸ್ಟಿಕ್ ಸೋಡಾ. ಯಾವ ಅಚ್ಚು, ಯಾವ ವಾಸನೆ, ಯಾರ ಮನೆಗೆ ಒಯ್ದು ತೋರಿಸಬೇಕು ಎಲ್ಲವನ್ನೂ ಅವರೇ ತೀರ್ಮಾನಿಸಬೇಕು.

ಗುಂಪಿಗೆ ಒಬ್ಬ ನಾಯಕಿ ಬೇಕು ಎಂದಾಗ ನಾಲ್ವರೂ ಒಬ್ಬಳ ಕಡೆ ಬೆರಳು ತೋರಿಸಿದರು. ನನಗೆ ಆಶ್ಚರ್ಯವಾಯಿತು. ಅವಳು ಮೊದಲ ಪಿರಿಯಡಿನಲ್ಲಿ ತೂಕಡಿಸುವ ಹುಡುಗಿ. ಎಷ್ಟೋ ಸಲ ಬೈದಿದ್ದೆ. ಅವಳ ತಾಯಿ ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಾಳೆ, ಇವಳು ನಸುಕಿನಲ್ಲೆದ್ದು ಹಿಟ್ಟು ನಾದಿ, ರೊಟ್ಟಿ ಬಡಿದು, ಒಂದು ಬುಟ್ಟಿ ತಲುಪಿಸಿ ಶಾಲೆಗೆ ಬರುತ್ತಾಳೆ ಎಂದು ಆ ದಿನ ಗೆಳತಿಯರಿಂದ ತಿಳಿಯಿತು. ಉದ್ಯೋಗ ಎಂದರೇನೆಂದು ನಾನು ಫಲಕದ ಮೇಲೆ ಬರೆಯುತ್ತಿದ್ದಾಗ, ಎದುರಿನ ಬೆಂಚಿನಲ್ಲಿ ಉದ್ಯೋಗ ಮಾಡಿ ದಣಿದ ಮಗು ನಿದ್ದೆ ಹೋಗುತ್ತಿತ್ತು. ಇದು ಹೊಳೆಯಲು ನನಗೆ ಬಹಳ ದಿನ ಬೇಕಾದವು.

ಕಾಸ್ಟಿಕ್ ಸೋಡಾ ಅಪಾಯದ ವಸ್ತು ಎಂದು ನನಗೆ ಗೊತ್ತಿತ್ತು. ನೀರಿಗೆ ಸೋಡಾ ಹಾಕಬೇಕು, ಸ್ವಲ್ಪ ಸ್ವಲ್ಪವೇ. ಸೋಡಾದ ಮೇಲೆ ನೀರು ಹೊಯ್ದರೆ ಅದು ಕುದಿದು ಸಿಡಿಯುತ್ತದೆ. ಇದನ್ನು ನಾನು ಹೇಳಿದ್ದೆ, ಬರೆಯಿಸಿದ್ದೆ. “ನೀರಿಗೆ ಸೋಡಾವನ್ನು ಸೇರಿಸತಕ್ಕದ್ದು, ಸೋಡಾಕ್ಕೆ ನೀರನ್ನು ಸೇರಿಸತಕ್ಕದ್ದಲ್ಲ.” ಆ ಹುಡುಗಿಯ ನೋಟುಬುಕ್ಕಿನಲ್ಲಿ ಈ ಸಾಲು ಕೆಂಪು ಮಸಿಯಲ್ಲಿ, ಮುದ್ದಾದ ಅಕ್ಷರದಲ್ಲಿತ್ತು. ಆಮೇಲೆ ನಾನೇ ತೆಗೆದು ನೋಡಿದ್ದೇನೆ. ಮೊದಲ ಮೂರು ಶನಿವಾರ ಸೋಡಾ ಕಲಸುವ ಕೆಲಸ ನಾನೇ ಮಾಡಿದೆ. ನಾಲ್ಕನೆಯ ಶನಿವಾರ ಅವರಿಗೆ ಬಿಟ್ಟೆ.

ಅಂದು ಬಹಳ ಚಳಿಯಿತ್ತು. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿತ್ತು, ಅದನ್ನು ಕರಗಿಸಲು ಸ್ಟೋವು ಹಚ್ಚಿದರು. ಎಣ್ಣೆ ಇಳಿಸಿದ ಮೇಲೆ ಅದೇ ಸ್ಟೋವಿನ ಮೇಲೆ ಹುಡುಗಿ ನೀರಿಟ್ಟಳು. ತಣ್ಣೀರಿನಲ್ಲಿ ಸೋಡಾ ಲಗೂ ಕರಗಲಿಕ್ಕಿಲ್ಲ ಎಂದುಕೊಂಡಿರಬೇಕು. ಮನೆಯಿಂದ ತಂದ, ಹಿಟ್ಟು ನಾದುವ ಹಳೆಯ ಸ್ಟೀಲಿನ ಪರಾತದಲ್ಲಿ ಸೋಡಾದ ಬಿಳಿ ಚೂರುಗಳನ್ನು ಸುರಿದಳು. ಕಟ್ಟಿಗೆಯ ಸೌಟಿನ ಹಿಡಿಕೆಯಿಂದ ನಡುವೆ ಒಂದು ಗುಳಿ ಮಾಡಿದಳು. ಸುತ್ತಲಿನ ಚೂರುಗಳನ್ನು ಅಂಚಿಗೆ ಸರಿಸಿ, ಗುಳಿಯನ್ನು ದುಂಡಗೆ ಮಾಡಿದಳು.

ಜೋಳದ ಹಿಟ್ಟಿನ ನಡುವೆ ಗುಳಿ ಮಾಡಿ, ಅದರಲ್ಲಿ ಕುದಿಯುವ ಎಸರು ಹೊಯ್ದು ಹಿಟ್ಟು ಕಲಸುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದಾರೆ. ಅವಳು ಮಾಡುತ್ತಿದ್ದುದು ಅದೇ. ಕೆಂಪು ಮಸಿಯ ಸಾಲು ನೋಟುಬುಕ್ಕಿನಲ್ಲಿತ್ತು. ಕೈಗೆ ಗೊತ್ತಿದ್ದುದು ಎಸರು.

ನಾನು ಪ್ರಯೋಗಶಾಲೆಯ ಬಾಗಿಲಲ್ಲಿ ಕೈ ಹಿಂದೆ ಕಟ್ಟಿ ನಿಂತು ಪರಾತವನ್ನೇ ನೋಡುತ್ತಿದ್ದೆ. ಅವಳು ನೀರಿನ ಪಾತ್ರೆ ಎತ್ತಿದಳು. ತಪ್ಪು ಎಂದು ನನಗೆ ಆ ಕ್ಷಣವೇ ತಿಳಿಯಿತು. ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು: ಬೀಳಲಿ, ಬಿದ್ದೇ ಕಲಿಯಲಿ. ಆ ಯೋಚನೆ ಒಂದು ಉಸಿರಿನಷ್ಟೂ ಇರಲಿಲ್ಲ. ಆದರೆ ಇತ್ತು. ಅದು ಮುಗಿಯುವಷ್ಟರಲ್ಲಿ ನೀರು ಬಿದ್ದಿತ್ತು.

ಬಿಳಿ ಹೊಗೆ ಎದ್ದಿತು. ಎಣ್ಣೆಯಲ್ಲಿ ನೀರು ಬಿದ್ದಂಥ ಶಬ್ದ. ನಾಲ್ವರು ಹಿಂದಕ್ಕೆ ಹಾರಿದರು. ಅವಳು ಹಾರಲಿಲ್ಲ, ಪಾತ್ರೆಯನ್ನು ಜೋಪಾನವಾಗಿ ನೆಲಕ್ಕಿಟ್ಟಳು. ಕಿರುಚಲೂ ಇಲ್ಲ.

“ಅಕ್ಕೋರ, ಕಣ್ಣು,” ಎಂದಳು.

ಅವಳನ್ನು ಎಳೆದುಕೊಂಡು ನಳದ ಬಳಿಗೆ ಓಡಿದೆ. ತಿರುಗಿಸಿದರೆ ಬರೀ ಗಾಳಿ. ನೀರು ಬಿಟ್ಟು ಐದು ದಿನವಾಗಿತ್ತು, ಮಾಳಿಗೆಯ ಮೇಲಿನ ಟಾಂಕಿಯೂ ಬರಿದು. ಅವಧಾನವಿದ್ದ ಯಾವ ವಿಜ್ಞಾನ ಶಿಕ್ಷಕಿಯೂ ಮೊದಲು ನೀರು ಇದೆಯೇ ಎಂದು ನೋಡುತ್ತಿದ್ದಳು. ನಾನು ನಳ ತಿರುಗಿಸುತ್ತಲೇ ಇದ್ದೆ. ಗುಂಪಿನ ಗಿಡ್ಡ ಹುಡುಗಿಯೊಬ್ಬಳು ನನ್ನ ಸೆರಗು ಜಗ್ಗಿ ಹೇಳಿದಳು: “ಹರವ್ಯಾಗ ಐತ್ರಿ, ಕುಡಿಯೂ ನೀರು.” ಪಡಸಾಲೆಯಲ್ಲಿ ಮಕ್ಕಳು ತುಂಬಿಸಿಟ್ಟ ಎರಡು ಮಣ್ಣಿನ ಹರವಿಗಳಿದ್ದವು. ಎರಡೂ ಖಾಲಿಯಾಗುವವರೆಗೆ ಕಣ್ಣಿಗೆ ನೀರು ಹೊಯ್ದೆವು. ಆಟೋದಲ್ಲಿ ಸತ್ತೂರಿನ ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ಮಕ್ಕಳ ನೀರಿನ ಬಾಟಲಿಗಳನ್ನು ಒಂದೊಂದಾಗಿ ಸುರಿದೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಒಂದೇ ಮಾತು ಕೇಳುತ್ತಿದ್ದಳು, ಪರಾತ ಕೆಟ್ಟಿತೇನ್ರಿ, ಅವ್ವ ಬೈತಾಳ.

ಬಲಗಣ್ಣಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು. ಎಡಗಣ್ಣು ಸುಟ್ಟಿತ್ತು. ಕೂಡಲೇ ನೀರು ಹೊಯ್ದದ್ದು ಒಳ್ಳೆಯದಾಯಿತು, ಆದರೆ ದೃಷ್ಟಿ ಉಳಿಯುತ್ತದೆಯೋ ಇಲ್ಲವೋ ಎಂಟು ದಿನ ಕಳೆಯದೆ ಹೇಳಲಾಗದು ಎಂದರು.

ಮಧ್ಯಾಹ್ನ ತಾಯಿ ಬಂದಳು. ಖಾನಾವಳಿಗೆ ರೊಟ್ಟಿ ಮುಟ್ಟಿಸಿ, ಬುಟ್ಟಿ ಸಮೇತ ಬಂದಿದ್ದಳು. ಮಗಳ ಪಟ್ಟಿ ಕಟ್ಟಿದ ಮುಖ ನೋಡಿ, ಹೊರಗೆ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕೂತಳು. ಜಗಳ ತೆಗೆಯಲಿ ಎಂದು ನಾನು ಕಾಯುತ್ತಿದ್ದೆ. ಅವಳು ದನಿ ಏರಿಸಲಿಲ್ಲ.

“ಅಕ್ಕೋರ, ಎಸರು ಹೊಯ್ಯೂದು ಆಕಿಗೆ ನಾ ಕಲಿಸೇನಿ. ಮೈಮ್ಯಾಲ ಸಿಡೀದಂಗ ಹೆಂಗ ಹೊಯ್ಯಬೇಕು ಅನ್ನೂದೂ ಕಲಿಸೇನಿ. ಈ ಪುಡಿ ಏನಂತ ನನಗ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತಲ್ರಿ?”

“ಗೊತ್ತಿತ್ರಿ,” ಎಂದೆ.

ಸೋಮವಾರ ಆಡಳಿತ ಮಂಡಳಿ ಸೇರಿತು. ಹೆಡ್ ಮಾಸ್ತರರು ಸೋಡಾದ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿಬಂದಿದ್ದರು. ಸದಸ್ಯರಲ್ಲಿ ಒಬ್ಬರು ಹತ್ತಿಯ ವ್ಯಾಪಾರಿಗಳು, ಹತ್ತಿ ಬಿಡಿಸುವ ಜಿನ್ನು ಇದ್ದವರು, ಹಣೆತುಂಬ ವಿಭೂತಿ, ಬಾಯಿತುಂಬ ಚೇಷ್ಟೆ. ನನ್ನ ತರಬೇತಿಯ ಮಾತೆಲ್ಲ ಕೇಳಿದ ಮೇಲೆ ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. “ತಂಗೀ, ನಮ್ಮ ಜಿನ್ನಿನ್ಯಾಗ ಹೊಸಬ ಬಂದ್ರ ಎಂಟ ದಿನ ಮಷೀನ್ ಮುಟ್ಟಾಕ ಕೊಡಂಗಿಲ್ಲ. ಹತ್ತಿ ಕೆಡಿಸ್ಲಿ, ನನಗೇನ ದುಃಖಿಲ್ಲ. ಕೈ ಕೆಡಿಸ್ಕೋಬಾರ್ದು. ನಿಮ್ಮ ಆ ಸಾಹೇಬ ಯಾವುದು ಕೆಟ್ರ ನಡೀತೈತಿ ಅಂತ ಹೇಳಲಿಲ್ಲೇನು?”

ಹೇಳಿರಲಿಲ್ಲ. ಪೇಪರಿನ ಗೋಪುರ ಬಿದ್ದರೆ ಪೇಪರು ಹಾಳಾಗುತ್ತದೆ, ಅಷ್ಟೇ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ, ನಾನೇ ಯೋಚಿಸಬೇಕಾಗಿತ್ತು. ಆ ತರಬೇತುದಾರನನ್ನು ದೂರಲು ನನಗೆ ಇಂದಿಗೂ ಮನಸ್ಸಿಲ್ಲ. ಅವನ ಮಾತಿನಲ್ಲಿ ಸತ್ಯವಿತ್ತು. ಹೆದರಿಸಿ ಬೆಳೆಸಿದ ಮಕ್ಕಳು ಹೊಸದನ್ನು ಮುಟ್ಟುವುದಿಲ್ಲ. ಆದರೆ ಸೋಪು ಗಟ್ಟಿಯಾಗದೆ ಹೋಗುವುದು ಒಂದು ಬೀಳುವಿಕೆ, ಕಣ್ಣು ಹೋಗುವುದು ಬೇರೆ. ಎರಡಕ್ಕೂ ಒಂದೇ ಪದ ಬಳಸಿ ನಾನು ಬಾಗಿಲಲ್ಲಿ ನಿಂತಿದ್ದೆ.

ಎಂಟು ದಿನ ದಿನವೂ ಆಸ್ಪತ್ರೆಗೆ ಹೋದೆ. ಐದನೆಯ ದಿನ, ಹುಡುಗಿಯ ಬಟ್ಟೆ ತೆಗೆದುಕೊಂಡು ಹೋಗಲು ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಒಂದೇ ಕೋಣೆ, ಎರಡು ಒಲೆ. ಅಕ್ಕನ ಜಾಗದಲ್ಲಿ ಆರನೆಯ ತರಗತಿಯ ತಂಗಿ ಕೂತಿದ್ದಳು. ಹಿಟ್ಟಿನ ನಡುವೆ ಗುಳಿ ಮಾಡಿ, ಎಸರಿನ ಪಾತ್ರೆ ಎತ್ತಿದಳು. ನಾನು ಒಂದು ಹೆಜ್ಜೆ ಮುಂದಿಟ್ಟೆ. ತಾಯಿ ಹಂಚಿನ ಮೇಲಿನ ರೊಟ್ಟಿಯಿಂದ ಕೈ ತೆಗೆಯಲಿಲ್ಲ. ಆದರೆ ಬಾಯಿ ಸುಮ್ಮನಿರಲಿಲ್ಲ. “ಹಾಂ, ಮಾರಿ ಹಿಂದ ತಗೋ. ಇನ್ನಷ್ಟು. ಅಂಚಿಗೆ ಬ್ಯಾಡ. ಸಣ್ಣಗ ಬಿಡು, ಸಣ್ಣಗ. ಹೂಂ, ಸಾಕು.” ಹಾಡಿನಂತೆ ಹೇಳುತ್ತಲೇ ಇದ್ದಳು. ಕೆಲಸವೆಲ್ಲ ಮಗುವಿನ ಕೈಯಲ್ಲೇ ನಡೆಯಿತು. ತಾಯಿ ಒಮ್ಮೆಯೂ ಮುಟ್ಟಲಿಲ್ಲ.

ಎಂಟನೆಯ ದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಬಲಗಣ್ಣು ಮುಚ್ಚಿ ಬೆರಳು ತೋರಿಸಿದರು. ಎರಡು ಎಂದಳು. ಮೂರು. ಬೆರಳುಗಳು ಎಡಕ್ಕೆ ಸರಿದಂತೆ ತಡವರಿಸಿದಳು. ಕಣ್ಣು ಉಳಿದಿತ್ತು, ಎಡದ ಅಂಚಿನಲ್ಲಿ ಮಾತ್ರ ಮಬ್ಬು ಉಳಿಯಿತು. ತಾಯಿ ಡಾಕ್ಟರಿಗೆ ಕೈ ಮುಗಿದಳು, ನನ್ನ ಕಡೆ ನೋಡಲಿಲ್ಲ.

ತಿಂಗಳ ನಂತರ ಹುಡುಗಿ ಶಾಲೆಗೆ ಬಂದಳು. ಒಂದು ಮಧ್ಯಾಹ್ನ ಪ್ರಯೋಗಶಾಲೆಗೆ ಬಂದು, ಸೋಪು ಏನಾಯಿತು ಎಂದು ಕೇಳಿದಳು. ಮುಚ್ಚಿಬಿಟ್ಟರು ಎಂದೆ. ಅವಳು ನೋಟುಬುಕ್ಕಿನ ಅಂಚು ಮಡಚುತ್ತ ನಿಂತಳು. ಕೆಂಪು ಮಸಿಯಲ್ಲಿ ಬರೆದೂ ಯಾಕೆ ಹಾಗೆ ಮಾಡಿದೆ ಎಂದು ನಾನು ಕೇಳಬಾರದಿತ್ತು. ಕೇಳಿದೆ.

“ನೀವು ನೋಡಾಕತ್ತಿದ್ರೆಲ್ರಿ ಅಕ್ಕೋರ,” ಎಂದಳು. “ಹೊಯ್ಯೂಕಿಂತ ಮೊದಲ ನಾ ತಿರುಗಿ ನಿಮ್ಮನ್ನ ನೋಡಿದೆ. ನೀವೇನೂ ಅನ್ನಲಿಲ್ಲ. ತಪ್ಪಿದ್ರ ಬೈತಿದ್ರಿ ಅಂತ ತಿಳದು ಹೊಯ್ದೆ.”

ನನ್ನ ನೆನಪಿನಲ್ಲಿ ಅವಳು ತಿರುಗಿ ನೋಡಿದ್ದೇ ಇರಲಿಲ್ಲ. ಅಷ್ಟು ದಿನ, ಅಷ್ಟು ಸಲ ಆ ದೃಶ್ಯವನ್ನು ಮೊದಲಿನಿಂದ ನಡೆಸಿ ನೋಡಿದ್ದೆ. ಪರಾತ ಇತ್ತು, ಗುಳಿ ಇತ್ತು, ಹೊಗೆ ಇತ್ತು. ಅವಳ ಮುಖ ಇರಲಿಲ್ಲ. ನಾನು ಪರಾತವನ್ನು ನೋಡುತ್ತಿದ್ದೆ. ನಾನು ಸ್ವಾತಂತ್ರ್ಯ ಕೊಟ್ಟೆ ಎಂದುಕೊಂಡು ಸುಮ್ಮನಿದ್ದೆ. ನಮ್ಮ ಶಾಲೆಗಳಲ್ಲಿ ಬೆಳೆದ ಮಗುವಿಗೆ ಶಿಕ್ಷಕರ ಮೌನದ ಅರ್ಥ ಒಂದೇ: ಸರಿಯಿದೆ.

ಅಂದಿನಿಂದ ನೆನಪಿನಲ್ಲಿ ಅವಳ ಮುಖ ಸೇರಿಕೊಂಡಿದೆ. ನಾನು ಕಾಣದ ಮುಖ.

ಸೋಡಾದ ಡಬ್ಬಿಯಿದ್ದ ಕಪಾಟಿನ ಕೀಲಿ ಕೇಳಲು ನನಗೆ ಮಾರ್ಚ್‌ವರೆಗೆ ಧೈರ್ಯ ಬರಲಿಲ್ಲ. ಹೆಡ್ ಮಾಸ್ತರರನ್ನು ಒಪ್ಪಿಸಿದವರು ಆ ಹತ್ತಿಯ ವ್ಯಾಪಾರಿಗಳೇ. ತಾಯಿಯನ್ನು ನಾನೇ ಹೋಗಿ ಕೇಳಿದೆ. ಅವಳು ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆಮೇಲೆ, ಮುಂದ ನಿಂದರ್ತೀರೇನ್ರಿ, ಎಂದಳು. ನಿಲ್ಲುತ್ತೇನೆ ಎಂದೆ.

ಪರೀಕ್ಷೆ ಮುಗಿದ ಮರುದಿನ ಐವರೂ ಬಂದರು. ಎರಡು ಬಕೆಟ್ ನೀರು ತುಂಬಿಸಿ ಪಕ್ಕದಲ್ಲಿಟ್ಟೆವು. ಎಲ್ಲರ ಕಣ್ಣಿಗೂ ಕನ್ನಡಕ, ಕೈಗೆ ರಬ್ಬರಿನ ಕೈಗವಸು. ಪರಾತದಲ್ಲಿ ತಣ್ಣೀರು ಹಾಕಿದರು. ನಾನು ಅವಳ ಎಡಕ್ಕೆ ನಿಂತು ಮಾತಾಡತೊಡಗಿದೆ: ಮಾರಿ ಹಿಂದ ತಗೋ, ಸಣ್ಣಗ, ಒಂದೇ ಚಮಚ.

“ಅಕ್ಕೋರ, ನಮ್ಮವ್ವನಂಗ ಆಗೀರಿ,” ಎಂದಳು. ಉಳಿದವರು ನಕ್ಕರು.

ಚಮಚದ ತುಂಬ ಸೋಡಾ ತೆಗೆದುಕೊಂಡು, ನೀರಿನ ಮೇಲೆ ಹಿಡಿದು, ಅವಳು ನಿಂತಳು. ಎಡಬದಿಗೆ ಸರಿಯಾಗಿ ಕಾಣದ ಕಾರಣ ನನ್ನನ್ನು ನೋಡಲು ಇಡೀ ಮುಖವನ್ನು ತಿರುಗಿಸಬೇಕಾಯಿತು. ತಿರುಗಿಸಿ, ನೋಡಿ, ಕಾದಳು.

“ಹೂಂ,” ಎಂದೆ.