ಹೆಸರು ಕೇಳಲಿಲ್ಲ, ಮನೆ ಕೇಳಿದ್ದು

ಗೆಳೆಯರೇ, ಇವತ್ತು ನನ್ನ ಬಾಗಿಲಿನವರೆಗೆ ಒಬ್ಬಳು ಬಂದಿದ್ದಳು.

ನಾನು ಹೊನ್ನಾವರದ ಕಾಲೇಜೊಂದರಲ್ಲಿ ಆಪ್ತಸಮಾಲೋಚಕಿ. "ಮನಸ್ಸು ಭಾರವಾದರೆ ಬನ್ನಿ, ಯಾರಿಗೂ ಗೊತ್ತಾಗುವುದಿಲ್ಲ" ಎಂದು ಪ್ರತಿ ಕ್ಲಾಸಿಗೂ ಹೋಗಿ ಹೇಳಿ ಬಂದು, ಅಂದಿನಿಂದ ಕಾಯುತ್ತಿದ್ದೇನೆ. ಹೊರಗೆ ಚಪ್ಪಲಿ ಸದ್ದಾದರೆ ನೆಟ್ಟಗೆ ಕೂರುತ್ತೇನೆ. ಎಲ್ಲ ಸದ್ದೂ ಪಕ್ಕದ ಲೈಬ್ರರಿಗೆ ಹೋಗುತ್ತದೆ.

ಇವತ್ತಿನ ಸದ್ದು ನನ್ನ ಬಾಗಿಲಲ್ಲೇ ನಿಂತಿತು. ಅಷ್ಟರಲ್ಲಿ ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಅಟೆಂಡರ್ ಲೀಲಕ್ಕನ ದನಿ: "ಬಾ ತಂಗಿ. ಯಾರ ಮನೆ ಹುಡ್ಗಿ ನೀನು? ಕರ್ಕಿ ಬದಿಯವ್ಳಾ?"

ನಾನು ಎದ್ದು ಬರುವಾಗ ಕಂಡದ್ದು ಮೆಟ್ಟಿಲಿಳಿಯುತ್ತಿದ್ದ ಹಸಿರು ವೇಲ್ ಮಾತ್ರ.

"ಎಂತ ಮಾಡಿದ್ರಿ ಲೀಲಕ್ಕ! ಹೆಸ್ರು ಕೇಳ್ಬೇಡಿ ಅಂದಿದ್ನಲ್ಲ!"

"ಹೆಸ್ರು ಎಲ್ಲಿ ಕೇಳ್ದೆ ಮೇಡಂ? ಮನೆ ಕೇಳ್ದೆ ಅಷ್ಟೇ. ಅದನ್ನೂ ಕೇಳದೆ ಒಳಗೆ ಕರಿಯೂದು ಹ್ಯಾಂಗೆ?"

ನಮ್ಮ ಕಡೆ ಮನೆ ಗೊತ್ತಾದರೆ ಸಾಕು, ಹುಡುಗಿ ಬಸ್ಸಿಳಿಯುವ ಮೊದಲೇ ಸುದ್ದಿ ಅವಳ ಅಂಗಳದಲ್ಲಿರುತ್ತದೆ. ಇದನ್ನು ಲೀಲಕ್ಕನಿಗೆ ಅರ್ಧ ಗಂಟೆ ತಿಳಿಸಿ ಹೇಳಿದೆ. "ಆತು, ಇನ್ನು ಬಾಯಿ ಬಿಡೂದಿಲ್ಲ" ಎಂದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅದೇ ಹಸಿರು ವೇಲ್ ಕಂಡಿತು. ಒಬ್ಬಳೇ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು. "ನಾಳೆ ಬಾ, ನಾನು ಕಾಯ್ತಾ ಇರ್ತೇನೆ" ಎನ್ನಬೇಕೆಂದು ಹತ್ತಿರ ಹೋದೆ. ಬಾಯಿಂದ ಬಂದದ್ದು:

"ಯಾವೂರಾತು ತಂಗಿ ನಿಂಗೆ?"

"ಬಸ್ ಬಂತು ಮೇಡಂ" ಎಂದು ಹತ್ತಿಬಿಟ್ಟಳು.

ನಾಳೆ ಲೀಲಕ್ಕನ ಸ್ಟೂಲನ್ನು ಲೈಬ್ರರಿ ಬಾಗಿಲಿಗೆ ಹಾಕಿಸುತ್ತೇನೆ. ನನ್ನ ಕುರ್ಚಿಯನ್ನು ಎಲ್ಲಿ ಹಾಕಿಸಲಿ?