ಕೆಂಪುತುಟಿ ನರ್ಸಮ್ಮ

ನಮ್ಮೂರಿಗೆ ತುಟಿಗೆ ಬಣ್ಣ ಹಚ್ಚಿಕೊಂಡು ಮೊದಲು ಬಂದವರು ಉಚ್ಚಂಗೆಮ್ಮ. ಎಪ್ಪತ್ತನಾಲ್ಕನೇ ಇಸವಿ, ಭತ್ತದ ಕೊಯ್ಲು ಮುಗಿದು ಕಣದ ಕೆಲಸ ನಡೆದಿತ್ತು. ನಾನು ಗೋವಿನಕೋವಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು, ಕಂಕುಳಲ್ಲಿ ಮಗಳಿದ್ದಳು. ನ್ಯಾಮತಿ ಕಡೆಯಿಂದ ಬಂದ ಬಸ್ಸಿನಿಂದ ಬಿಳಿ ಸೀರೆಯ ಹೆಂಗಸೊಬ್ಬರು ಇಳಿದರು. ಹೆಗಲಿಗೆ ಚೀಲ. ಕಣ್ಣಿಗೆ ಕಿವಿಯ ಕಡೆಗೆ ಎಳೆದ ದಪ್ಪ ಕಾಡಿಗೆ, ಹಣೆಗೆ ಅಗಲವಾದ ಕುಂಕುಮ. ತುಟಿ ಮಾತ್ರ ಎಲೆ ಅಡಿಕೆ ಹಾಕಿ ಆದದ್ದಲ್ಲ ಎಂದು ದೂರದಿಂದಲೇ ತಿಳಿಯುವಂಥ ಕೆಂಪು. ಹತ್ತಿರ ಬಂದ ಮೇಲೆ ನೋಡಿದರೆ ಮುಖದ ತುಂಬ ಸಿಡುಬಿನ ಕುಳಿಗಳು.

ಅವರನ್ನು ನೋಡಿದವರಲ್ಲಿ ಒಬ್ಬೊಬ್ಬರು ಒಂದೊಂದು ತಿಳಿದರು. ಕಟ್ಟೆಯ ಮೇಲೆ ಕೂತಿದ್ದ ಗೌಡರು ಯಾರೋ ದೊಡ್ಡ ಆಫೀಸರು ಬಂದರೆಂದು ಎದ್ದು ನಿಂತು ಹೆಗಲ ಮೇಲಿನ ಟವೆಲ್ಲು ತೆಗೆದರು. ನೀರು ಸೇದುತ್ತಿದ್ದ ಹೆಂಗಸರು ಯಾವುದೋ ನಾಟಕದ ಕಂಪನಿ ಬಂತೆಂದು ಪಿಸುಗುಟ್ಟಿದರು. ಮಕ್ಕಳಿಗೆ ಇದಾವುದೂ ಬೇಕಿರಲಿಲ್ಲ. ಅವು ಸುಮ್ಮನೆ ಹಿಂದೆ ಬಿದ್ದವು. ಆ ದಿನವೇ ಅವರಿಗೆ ಕೆಂಪುತುಟಿ ನರ್ಸಮ್ಮ ಎಂಬ ಹೆಸರು ಬಿತ್ತು. ಅವರು ಬಂದದ್ದು ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕಲು. ಸಿಡುಬನ್ನು ದೇಶದಿಂದಲೇ ಓಡಿಸಬೇಕೆಂದು ಸರ್ಕಾರದವರು ಆಗ ಮನೆಮನೆ ಹುಡುಕಿ ಮಕ್ಕಳಿಗೆ ದಾಕು ಹಾಕುತ್ತಿದ್ದ ಕಾಲ.

ಹೆಣ್ಣುಮಕ್ಕಳು ಮುಖಕ್ಕೆ ಏನು ಹಚ್ಚಬೇಕು, ಏನು ಹಚ್ಚಬಾರದು ಎಂಬುದಕ್ಕೆ ನಮ್ಮ ಕಡೆ ಬಿಗಿಯಾದ ಕಟ್ಟಳೆಯಿತ್ತು. ಅರಿಶಿನ, ಕುಂಕುಮ, ಹೆಚ್ಚೆಂದರೆ ಜಾತ್ರೆಗೋ ಮದುವೆಗೋ ಹೋಗುವಾಗ ಒಂದಿಷ್ಟು ಸ್ನೋ, ಪೌಡರು. ಕಾಡಿಗೆ ತೆಳ್ಳಗಿರಬೇಕು. ತುಟಿಗೆ ಬಣ್ಣವೆಂದರೆ ಅದು ನಾಟಕದವರದ್ದು. ಮುಖದಲ್ಲಿ ಏನಾದರೂ ಊನವಿದ್ದವರಂತೂ ಅಷ್ಟನ್ನೂ ಹಚ್ಚದೆ ತಲೆ ತಗ್ಗಿಸಿ, ಸೆರಗು ಮುಂದೆಳೆದು ಹಿಂದೆ ನಿಲ್ಲಬೇಕು. ಹೀಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು.

ನಮ್ಮ ಮನೆಯಲ್ಲಿಯೇ ಹಾಗೆ ಹಿಂದೆ ನಿಂತವಳು ಒಬ್ಬಳಿದ್ದಳು. ನನ್ನ ಗಂಡನ ತಂಗಿ ಚೌಡಕ್ಕ. ನನ್ನದೇ ವಯಸ್ಸು. ಸಣ್ಣವಳಿದ್ದಾಗ ಸಿಡುಬೆದ್ದು ಜೀವ ಉಳಿದಿತ್ತು, ಮುಖ ಮಾತ್ರ ಮೊದಲಿನಂತೆ ಉಳಿಯಲಿಲ್ಲ. ಹೆಣ್ಣು ನೋಡಲು ಬಂದ ಒಂದು ಕಡೆಯವರು ಕೊಟ್ಟ ಉಪ್ಪಿಟ್ಟನ್ನೂ ಮುಟ್ಟದೆ ಎದ್ದು ಹೋದ ಮೇಲೆ ಅವಳು ಹೊರಗೆ ಬರುವುದನ್ನೇ ಬಿಟ್ಟಳು. ಒಳಗೆ ರೊಟ್ಟಿ ಬಡಿಯುವುದು, ಹಿತ್ತಲಲ್ಲಿ ಪಾತ್ರೆ ತಿಕ್ಕುವುದು. ಯಾರಾದರೂ ಬಂದರೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಳ್ಳುವುದು. ನನ್ನ ಮಗಳನ್ನು ಎತ್ತಿಕೊಳ್ಳಲೂ ಹಿಂಜರಿಯುತ್ತಿದ್ದಳು. "ನನ್ನ ಮಖ ನೋಡಿ ಕೂಸು ಅಂಜಿಕ್ಯಂತೈತೆ, ಬ್ಯಾಡ ಅತ್ಗೆ" ಅನ್ನುತ್ತಿದ್ದಳು. ಕೂಸು ಒಮ್ಮೆಯೂ ಅಂಜಿದ್ದನ್ನು ನಾನು ಕಾಣೆ.

ನಮ್ಮತ್ತೆ ತಿಪ್ಪಮ್ಮ ದಾಕಿಗೆ ಒಪ್ಪುವವರಲ್ಲ. ಸಿಡುಬೆಂದರೆ ಅವರಿಗೆ ಅಮ್ಮ, ದೇವಿ ಮೈಮೇಲೆ ಬರುವುದು. ಸೂಜಿ ಚುಚ್ಚಿ ಅದನ್ನು ತಡೆಯಲು ಹೋದರೆ ಸಿಟ್ಟಾಗುತ್ತಾಳೆಂಬ ಭಯ. ಚೌಡಕ್ಕ ಚಿಕ್ಕವಳಿದ್ದಾಗ ದಾಕಿನವರು ಬಂದರೆಂದು ಅವಳನ್ನು ಹುಲ್ಲಿನ ಬಣವೆಯ ಹಿಂದೆ ಬಚ್ಚಿಟ್ಟಿದ್ದರಂತೆ. ಅದನ್ನು ನನಗೆ ಹೇಳಿದ್ದು ನನ್ನ ಗಂಡ. ಅತ್ತೆ ಆ ಮಾತನ್ನು ಯಾವತ್ತೂ ಎತ್ತಿದವರಲ್ಲ.

ಮೊದಲ ಸಲ ಉಚ್ಚಂಗೆಮ್ಮ ನಮ್ಮ ಬಾಗಿಲಿಗೆ ಬಂದಾಗ ಅತ್ತೆ ಒಳಗೆ ಸೇರಿಸಲಿಲ್ಲ.

"ನಮ್ಮನ್ಯಾಗೆ ಕೂಸಿಲ್ಲ, ಹೋಗ್ರಿ."

ನನ್ನ ಮಗಳು ಅದೇ ಹೊತ್ತಿಗೆ ಒಳಗೆ ಕಿರುಚಿದಳು. ಉಚ್ಚಂಗೆಮ್ಮ ನಕ್ಕರು. "ಇಲ್ಲದ ಕೂಸು ಭಾಳ ಜೋರಾಗಿ ಅಳ್ತೈತಲ್ಲ ಅವ್ವಾ. ಇರ್ಲಿ, ಇನ್ನೊಂದು ದಿನ ಬರ್ತೀನಿ" ಎಂದು ಮುಂದಿನ ಮನೆಗೆ ಹೋದರು.

"ಆ ತುಟಿ ನೋಡು, ಆ ಕಣ್ಣು ನೋಡು! ಮಾನವಂತರ ಮನೆ ಹೆಂಗಸು ಹಿಂಗೆ ಇರ್ತಾಳೇನು?" ಎಂದು ಅತ್ತೆ ಸಂಜೆಯವರೆಗೂ ಅನ್ನುತ್ತಲೇ ಇದ್ದರು. ರಾತ್ರಿ ಊಟಕ್ಕೆ ಬಡಿಸುವಾಗ ಚೌಡಕ್ಕ ಮೆಲ್ಲಗೆ ನನ್ನನ್ನು ಕೇಳಿದಳು: "ಅತ್ಗೆ, ಆಯಮ್ಮಗೂ ನನ್ನಂಗೇ ಅಲ್ವಾ ಮಖ?" ಅವಳು ಬಾಗಿಲ ಸಂದಿಯಿಂದ ನೋಡಿದ್ದಳು.

ಮುಂದಿನ ವಾರ ಉಚ್ಚಂಗೆಮ್ಮ ಒಬ್ಬರೇ ಬರಲಿಲ್ಲ. ಜೊತೆಗೆ ಹೆಲ್ತ್ ಇನ್ಸ್‌ಪೆಕ್ಟರು ತಿಪ್ಪೇರುದ್ರಸ್ವಾಮಿ ಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ತಾಲ್ಲೂಕಿನಲ್ಲಿ ಒಂದು ಮಗುವೂ ಬಿಟ್ಟುಹೋಗಬಾರದೆಂಬ ಒತ್ತಡ ಅವರ ಮೇಲಿತ್ತು. ಅವರ ಕೈಯಲ್ಲಿ ಸಿಡುಬೆದ್ದ ಮಗುವಿನ ಚಿತ್ರದ ಕಾರ್ಡು. ಅದನ್ನು ಅತ್ತೆಯ ಮುಂದೆ ಹಿಡಿದು ಹೆದರಿಸಿ ನೋಡಿದರು. ಅತ್ತೆ ಕಾರ್ಡಿಗೇ ಕೈಮುಗಿದು ಕೆನ್ನೆ ಬಡಿದುಕೊಂಡರು. ಇನ್ಸ್‌ಪೆಕ್ಟರಿಗೆ ತಾಳ್ಮೆ ತಪ್ಪಿತು. ಅಂಗಳದಲ್ಲಿಯೇ ಉಚ್ಚಂಗೆಮ್ಮನ ಕಡೆ ತಿರುಗಿದರು.

"ನಾನು ಮೊದ್ಲೇ ಹೇಳಿದ್ನಲ್ಲಮ್ಮ. ಈ ಬಣ್ಣ ಗಿಣ್ಣ ಒರೆಸಿ ಬರ್ರಿ ಅಂತ. ನಿಮ್ಮ ಮುಖಕ್ಕಿಂತ ಒಳ್ಳೆ ಚಿತ್ರ ನಮಗೆ ಎಲ್ಲಿ ಸಿಗ್ತೈತೆ? ಕುಳಿ ಕಂಡ್ರೆ ಜನ ಹೆದ್ರಿ ತಾವೇ ಮಕ್ಕಳನ್ನ ತರ್ತಾರೆ. ಅದು ಬಿಟ್ಟು ನೀವು ಸಿನಿಮಾದೋರಂಗೆ ಬಂದ್ರೆ ಬಾಗಿಲು ಹಾಕ್ಕಂತಾರೆ. ಹೋಗ್ರಿ, ಅಲ್ಲಿ ನೀರೈತೆ, ಮುಖ ತೊಳ್ಕಂಡು ಬರ್ರಿ."

ಅಂಗಳದಲ್ಲಿ ಅಕ್ಕಪಕ್ಕದವರೆಲ್ಲ ಕೂಡಿದ್ದರು. ಉಚ್ಚಂಗೆಮ್ಮನ ಕಿವಿ ಕೆಂಪಾದದ್ದು ನನಗೆ ಕಂಡಿತು. ಅವರು ದನಿ ಏರಿಸಲಿಲ್ಲ.

"ಇಲ್ಲ ಸಾರ್, ತೊಳ್ಕಳಲ್ಲ. ಕೆಲಸ ಎಷ್ಟು ಹೇಳ್ರಿ, ಮಾಡ್ತೀನಿ. ಬಿಸಿಲಾಗೆ ನಡೀ ಅಂದ್ರೆ ನಡೀತೀನಿ. ಇದೊಂದು ಮಾತ್ರ ಆಗಲ್ಲ."

"ಯಾಕೆ ಆಗಲ್ಲ? ಅಷ್ಟು ಚೆಂದ ಕಾಣೋ ಆಸೆಯೇನು?"

"ಆಸೆ ಐತೆ ಸಾರ್, ಯಾಕಿರಬಾರದು? ಆದ್ರೆ ಅದಕ್ಕಲ್ಲ. ಈ ಊರಾಗೆ ನನ್ನಂಥ ಮುಖದೋರು ಇನ್ನೂ ಅದಾರೆ. ನನ್ನನ್ನ ತೋರಿಸಿ ನೋಡ್ರಿ ಹಿಂಗಾಗ್ತೀರಿ ಅಂತ ಹೆದರಿಸಿದ್ರೆ, ಒಳಗೆ ಕುಂತು ಕೇಳಿಸ್ಕಳೋರಿಗೆ ಹೆಂಗಾಗ್ತೈತೆ? ಅವರು ಮತ್ತೆ ಬಾಗಿಲು ದಾಟಿ ಹೊರಗೆ ಬರ್ತಾರೇನು? ಬದುಕಿ ಉಳಿದೋರನ್ನ ಕಂಡು ಯಾರೂ ಅಂಜಬಾರದು ಸಾರ್. ಮಕ್ಕಳನ್ನ ನಾನು ಬ್ಯಾರೆ ರೀತಿಲಿ ಕರೀತೀನಿ."

ಇನ್ಸ್‌ಪೆಕ್ಟರು ಮೇಲಕ್ಕೆ ಬರೆಯುವುದಾಗಿ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಒಳಗೆ ಅಡುಗೆಮನೆಯ ಬಾಗಿಲು ಕಿರ್ರೆಂದಿತು. ಚೌಡಕ್ಕ ನನ್ನ ಮಗಳನ್ನು ಎತ್ತಿಕೊಂಡು ಹೊರಗೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ವರ್ಷಗಟ್ಟಲೆ ಅವಳ ಮುಖ ಕಾಣದ ಅಕ್ಕಪಕ್ಕದ ಹೆಂಗಸರು ಕತ್ತು ಮುಂದೆ ಚಾಚಿದರು. ಅವಳು ನೆಟ್ಟಗೆ ಉಚ್ಚಂಗೆಮ್ಮನ ಎದುರು ನಿಂತು, ಅವರ ಮುಖವನ್ನು ಮಕ್ಕಳು ನೋಡುವಂತೆ ನೋಡಿದಳು.

"ಇದು ಹಚ್ಚಿಕ್ಯಂಡ್ರೆ ಉರಿಯಲ್ವೇನ್ರೀ?"

"ಇಲ್ಲ ಕಣವ್ವ. ಬಿಸಿಲಿಗೆ ಒಂದಿಷ್ಟು ಕರಗ್ತೈತೆ, ಅಷ್ಟೇ."

"ಜನ ಅಂದಾಡಲ್ವಾ?"

"ಅಂತಾರೆ. ಹಚ್ಚಿಕ್ಯಳದಿದ್ದಾಗ್ಲೂ ಅಂತಿದ್ರು. ಈಗ ಬ್ಯಾರೆ ಏನೋ ಅಂತಾರೆ."

ಚೌಡಕ್ಕ ನಕ್ಕಳು. ಅತ್ತೆ "ಏ, ಒಳಗೆ ನಡಿಯೇ" ಎಂದು ಗದರಿದರು. ಅವಳು ಕದಲಲಿಲ್ಲ. ಮಗುವಿನ ತೋಳನ್ನು ಅಂಗಿಯಿಂದ ಬಿಡಿಸುತ್ತಾ ಮೆಲ್ಲಗೆ ಹೇಳಿದಳು: "ಅವ್ವಾ, ನನ್ನನ್ನ ಬಣವೆ ಹಿಂದೆ ಕುಂದ್ರಿಸಿದ್ದೆ. ಆಮೇಲೆ ಅಮ್ಮ ಬರದಂಗೆ ಬಿಟ್ಲೇನು?"

ಅತ್ತೆ ಕಂಬಕ್ಕೆ ಕೈಕೊಟ್ಟು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಬೇಡವೆನ್ನಲಿಲ್ಲ. ನಾನು ಮಗಳನ್ನು ಹಿಡಿದುಕೊಂಡೆ, ಉಚ್ಚಂಗೆಮ್ಮ ಎಡತೋಳಿಗೆ ಎರಡು ಮೊನೆಯ ಸೂಜಿಯಿಂದ ಚುಚ್ಚಿದರು. ಕೂಸು ಅತ್ತು, ಅವರ ಕೆಂಪು ತುಟಿಯನ್ನು ಕಂಡು ಅಳು ಮರೆತು, ಅದನ್ನು ಹಿಡಿಯಲು ಕೈ ಚಾಚಿತು. ನಮ್ಮ ಮನೆಯಲ್ಲಿ ಆದದ್ದನ್ನು ಕಂಡು ಓಣಿಯ ಉಳಿದ ಮನೆಯವರೂ ಮಕ್ಕಳನ್ನು ತಂದರು. ಇನ್ಸ್‌ಪೆಕ್ಟರು ಆ ಕಾರ್ಡನ್ನು ಜೇಬಿಗೆ ಹಾಕಿಕೊಂಡು ತಾವೇ ಮಕ್ಕಳನ್ನು ಸಾಲಾಗಿ ಕೂರಿಸಿದರು. ಮುಖ ತೊಳೆಯುವ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ, ಮೇಲಕ್ಕೆ ಬರೆದದ್ದೂ ಇಲ್ಲ.

ದಾಕು ಏರಿ ಮಗಳಿಗೆ ಜ್ವರ ಬಂದ ದಿನ ಅತ್ತೆ ನನ್ನನ್ನು ತಿಂದುಹಾಕುವಂತೆ ನೋಡಿದರು. ಆ ಸುದ್ದಿ ಹೇಗೆ ಮುಟ್ಟಿತೋ, ಉಚ್ಚಂಗೆಮ್ಮ ಬಸ್ಸಿಲ್ಲದ ಹೊತ್ತಿನಲ್ಲಿ ನಡೆದೇ ಬಂದು ಕೂಸಿನ ಪಕ್ಕ ಕೂತರು. ಬಿಸಿಲಿಗೆ ಕಾಡಿಗೆ ಇಳಿದು ಕೆನ್ನೆಗೆ ಬಂದಿತ್ತು. ಜ್ವರ ಬರುವುದು ಸರಿಯೇ, ಬೊಕ್ಕೆ ಕಟ್ಟಿ ಉದುರುತ್ತದೆ, ಅದನ್ನು ಕೆರೆಯದಂತೆ ನೋಡಿಕೊಂಡರೆ ಸಾಕೆಂದು ಅತ್ತೆಗೆ ನಿಧಾನವಾಗಿ ತಿಳಿಸಿದರು. ಅತ್ತೆ ಮೊದಲ ಸಲ ಅವರಿಗೆ ಮಜ್ಜಿಗೆ ಕೊಟ್ಟರು.

ಅಲ್ಲಿಂದ ಮುಂದೆ ಅವರು ಗೋವಿನಕೋವಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಕೂತು ಹೋಗುವುದು ರೂಢಿಯಾಯಿತು. ಅವರ ಕಥೆ ನಮಗೆ ಗೊತ್ತಾದದ್ದು ಹಾಗೆ, ಅಕ್ಕಿ ಆರಿಸುತ್ತಾ, ಅವರೆಕಾಯಿ ಸುಲಿಯುತ್ತಾ. ಜಗಳೂರು ಕಡೆಯ ಹಳ್ಳಿ, ಅಪ್ಪ ಕಲ್ಲೇಶಪ್ಪ ಕೂಲಿಯವರು. ಏಳು ವರ್ಷದವರಿದ್ದಾಗ ಸಿಡುಬೆದ್ದು, ಅದರಲ್ಲಿಯೇ ತಮ್ಮನೊಬ್ಬ ಹೋದ. ಹೇಗೂ ಮದುವೆಯಾಗದ ಮಗಳು, ಓದಲಿ ಎಂದು ಅಪ್ಪ ಶಾಲೆ ಬಿಡಿಸಲಿಲ್ಲ. ಚಿತ್ರದುರ್ಗದಲ್ಲಿ ನರ್ಸು ಕಲಿಯುವಾಗ ಹಾಸ್ಟೆಲಿನ ಹುಡುಗಿಯರು ಕುಳಿ ಮುಚ್ಚುವಂತೆ ದಪ್ಪಗೆ ಪೌಡರು ಹಚ್ಚಿಕೊಳ್ಳಲು ಹೇಳಿಕೊಟ್ಟರಂತೆ.

"ಬೆವರು ಬಂದ್ರೆ ಮಣ್ಣಿನ ಗ್ವಾಡೆಗೆ ಸುಣ್ಣ ಹೊಡ್ದಂಗೆ ಕಾಣ್ತಿದ್ದೆ" ಎಂದು ಅವರೇ ನಗುತ್ತಿದ್ದರು. "ಎದುರಿಗೆ ಬಂದೋರು ಒಂದು ಸಲ ನೋಡಿ, ಪಾಪ ಅಂತ ಕಣ್ಣು ಬ್ಯಾರೆ ಕಡೆ ತಿರುಗಿಸ್ತಿದ್ರು. ಬೈದ್ರೂ ತಡ್ಕಂತಿದ್ದೆ, ಆ ತಿರುಗಿಸೋದು ಮಾತ್ರ ತಡ್ಕಳಾಕೆ ಆಗ್ತಿರಲಿಲ್ಲ. ಒಂದಿನ ಪೌಡರೆಲ್ಲ ಒರೆಸಿ, ಕಾಡಿಗೆ ತೀಡಿ, ಗೆಳತಿ ಹತ್ರ ಇದ್ದ ಲಿಪ್‌ಸ್ಟಿಕ್ಕು ಬಳ್ಕಂಡು ವಾರ್ಡಿಗೆ ಹೋದೆ. ದೊಡ್ಡ ನರ್ಸು ಮೇಟ್ರನಮ್ಮ ಬೈದ್ರು. ಆದ್ರೆ ಒಬ್ಬರೂ ಕಣ್ಣು ತಿರುಗಿಸ್ಲಿಲ್ಲ, ಎಲ್ಲ ನೆಟ್ಟಗೆ ನೋಡಿದ್ರು. ಕೆಟ್ಟದಾಗೋ ಒಳ್ಳೆದಾಗೋ, ನೋಡಿದ್ರು. ನೋಡಿದ ಮ್ಯಾಲೆ ಮಾತಾಡಿದ್ರು. ಮಾತಾಡಿದ ಮ್ಯಾಲೆ ನಾನು ಎಂಥೋಳು ಅಂತ ಅವರಿಗೂ ತಿಳೀತು."

ಅವರ ಆ ಮುಖದ ದೆಸೆಯಿಂದ ನಮಗೆ ಎಷ್ಟು ಅನುಕೂಲವಾಯಿತೆಂದು ಹೇಳಬೇಕು. ಪಕ್ಕದ ಮನೆಯ ಕಾಟಮ್ಮನಿಗೆ ಹೆರಿಗೆ ಕಷ್ಟವಾದಾಗ ಉಚ್ಚಂಗೆಮ್ಮನೇ ಗಾಡಿಯಲ್ಲಿ ಹೊನ್ನಾಳಿಗೆ ಕರೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ನಮ್ಮಂಥವರನ್ನು ಗೇಟಿನಲ್ಲಿಯೇ ಕೂರಿಸುವ ಕಾವಲುಗಾರ, ಇವರ ತುಟಿ, ಕಣ್ಣು, ನಡಿಗೆ ನೋಡಿ ಯಾರೋ ದೊಡ್ಡ ಮೇಡಮ್ಮೆಂದು ಸೆಲ್ಯೂಟು ಹೊಡೆದು ಬಾಗಿಲು ತೆರೆದ. ಇವರೂ ತಲೆಯಾಡಿಸಿ ಒಳಗೆ ನಡೆದರು. ಕಾಟಮ್ಮ, ಕೂಸು ಇಬ್ಬರ ಜೀವವೂ ಉಳಿಯಿತು. ದಾರಿಯಲ್ಲಿ ಬರುವಾಗ ನಾವಿಬ್ಬರೂ ಆ ಸೆಲ್ಯೂಟು ನೆನೆಸಿಕೊಂಡು ಹೊಟ್ಟೆ ಹಿಡಿದು ನಕ್ಕೆವು. ಎಲ್ಲ ಕಡೆಯೂ ಹಾಗೇ ನಡೆಯಿತೆಂದಲ್ಲ. ಒಂದು ಮದುವೆಮನೆಯಲ್ಲಿ ಅವರನ್ನು ಊಟದ ಪಂಕ್ತಿಯಿಂದ ಎಬ್ಬಿಸಿದ್ದರು. ಆ ದಿನ ಅವರು ನಮ್ಮ ಹಿತ್ತಲಲ್ಲಿ ಕೂತು ಅತ್ತದ್ದನ್ನು ನಾನು ಮತ್ತು ಚೌಡಕ್ಕ ನೋಡಿದ್ದೇವೆ. ಅತ್ತು, ಮುಖ ತೊಳೆದು, ಕನ್ನಡಿ ಕೇಳಿ ಇಸಿದುಕೊಂಡು ಮತ್ತೆ ಹಚ್ಚಿಕೊಂಡೇ ಬಸ್ಸು ಹತ್ತಿದರು.

ಚೌಡಕ್ಕನಿಗೆ ಅವರು ಒಂದು ಲಿಪ್‌ಸ್ಟಿಕ್ಕು ತಂದುಕೊಟ್ಟಿದ್ದರು. ಒಂದು ಸಲ ಹಚ್ಚಿ ನೋಡಿ ಅವಳು "ಥೂ, ಮೇಣ ಮೆತ್ತಿದಂಗೈತೆ" ಎಂದು ಒರೆಸಿಬಿಟ್ಟಳು. ಅವಳಿಗೆ ಒಗ್ಗಿದ್ದು ದಪ್ಪ ಕಾಡಿಗೆ. ಅದನ್ನು ತೀಡಿಕೊಂಡು ಮೊದಲು ಹಿತ್ತಲಿಗೆ, ಆಮೇಲೆ ಅಂಗಳಕ್ಕೆ, ಆಮೇಲೆ ಉಚ್ಚಂಗೆಮ್ಮನ ಜೊತೆ ಮನೆಮನೆಗೆ. ಮದುವೆ ಆಗಲಿಲ್ಲ, ಬೇಕೆಂದು ಅವಳೂ ಅನ್ನಲಿಲ್ಲ. ಎಂಬತ್ತರ ನಂತರ ನಮ್ಮೂರಿಗೆ ಅಂಗನವಾಡಿ ಬಂದಾಗ ಅವಳೇ ಅದರ ಆಯಾ ಆದಳು. ಮಕ್ಕಳು ಅಂಜುತ್ತವೆ ಎನ್ನುತ್ತಿದ್ದವಳ ಸೆರಗು ಹಿಡಿದು ಮೂವತ್ತು ಮಕ್ಕಳು ನಡೆಯುತ್ತಿದ್ದವು.

ಎಂಬತ್ತಮೂರರಲ್ಲಿ ಉಚ್ಚಂಗೆಮ್ಮನಿಗೆ ಸಂತೇಬೆನ್ನೂರಿಗೆ ವರ್ಗವಾಯಿತು. ಹೊರಡುವ ದಿನ ಹೇಳಿಹೋಗಲು ಬಂದರು. ಹೊಸ ಸೀರೆ, ತುಟಿಗೆ ಎಂದಿಗಿಂತ ಗಾಢವಾದ ಕೆಂಪು. ಅತ್ತೆ ಅವರ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿದರು. ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ಹಿಡಿದುಕೊಂಡು ಬಂದರು.

"ಇಲ್ಲಿ ಕುಂದ್ರು. ದೃಷ್ಟಿ ತೆಗೀತೀನಿ. ಹೊಸ ಊರು, ಎಂಥೆಂಥ ಕಣ್ಣಿರ್ತಾವೋ ಏನೋ."

ಉಚ್ಚಂಗೆಮ್ಮ ನಗಲು ಹೋದರು, ಆಗಲಿಲ್ಲ. ಚೆಂದವಿದ್ದವರಿಗೆ ತಾನೇ ದೃಷ್ಟಿ ತಾಗುವುದು? ಅವರ ಹೆತ್ತತಾಯಿಯೂ ಯಾವತ್ತೂ ಅವರಿಗೆ ದೃಷ್ಟಿ ತೆಗೆದಿರಲಿಲ್ಲವಂತೆ. ಅತ್ತೆ ನಿವಾಳಿಸಿ ಒಲೆಗೆ ಹಾಕಿದರು, ಮೆಣಸಿನಕಾಯಿ ಚಟಪಟ ಸಿಡಿಯಿತು.

ಸಂತೇಬೆನ್ನೂರಿನಿಂದಲೂ ಅವರು ವರ್ಷಕ್ಕೊಮ್ಮೆಯಾದರೂ ಬರುತ್ತಿದ್ದರು. ಅಲ್ಲಿಯ ಶಾಲೆಯ ಮೇಷ್ಟ್ರೊಬ್ಬರನ್ನು ತಡವಾಗಿ ಮದುವೆಯಾದರು. ಒಳ್ಳೆಯ ಮನುಷ್ಯ. ಮಾತು ಕಡಿಮೆ. ಹೆಂಡತಿಯ ಮುಖವನ್ನು ಮಾತ್ರ ಕಣ್ತುಂಬ ನೋಡುತ್ತಿದ್ದರು. ನನ್ನ ಮಗಳು ನ್ಯಾಮತಿಯಲ್ಲಿ ಹೈಸ್ಕೂಲು ಸೇರುವಾಗ ಅವಳ ತೋಳಿನ ದಾಕಿನ ಗುರುತನ್ನು ಸವರಿ "ಇದು ನನ್ನ ಸಹಿ" ಅಂದಿದ್ದರು. ವಯಸ್ಸಾದ ಮೇಲೆ ಬರುವುದು ನಿಂತು ಸುದ್ದಿಯೂ ತಪ್ಪಿತು.

ಚೌಡಕ್ಕ ಈಗಲೂ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಕಾಡಿಗೆ ತೀಡಿಕೊಂಡು, ಹೊರಗಿನ ಕಟ್ಟೆಯ ಮೇಲೆ ಬಂದು ಕೂರುತ್ತಾಳೆ. ಹೋಗುವವರು ಬರುವವರು ಮಾತಾಡಿಸುತ್ತಾರೆ. ನಾನು ಒಳಗೆ ಕೆಲಸ ಮಾಡುತ್ತಾ ಅವಳ ಜೋರು ದನಿ ಕೇಳಿಸಿಕೊಳ್ಳುತ್ತೇನೆ. ಆ ದನಿ ಅಡುಗೆಮನೆಯ ಬಾಗಿಲ ಹಿಂದೆಯೇ ಮುಗಿದುಹೋಗುವುದಿತ್ತಲ್ಲ ಅನಿಸಿದಾಗ, ಉಚ್ಚಂಗೆಮ್ಮ ಎಲ್ಲಿದ್ದರೂ ತಣ್ಣಗಿರಲಿ ಎಂದು ಮನಸ್ಸು ತಾನಾಗಿ ಕೈಮುಗಿಯುತ್ತದೆ.