ಸೋತ ಸರ್ವ್‌ಗೊಂದು ಚಪ್ಪಾಳೆ

ಕೊನೆಯ ಪಾಯಿಂಟಿಗೆ ನಾನು ಹೊಡೆದ ಸರ್ವ್ ಸೀದಾ ಹೋಗಿ ನೆಟ್ಟಿಗೆ ಬಡಿಯಿತು. ಮ್ಯಾಚ್ ಅಲ್ಲಿಗೇ ಮುಗಿಯಿತು. ನಮ್ಮ ತಂಡದ ಹುಡುಗಿಯರೆಲ್ಲ ತಲೆಯ ಮೇಲೆ ಕೈಯಿಟ್ಟರು. ನನಗಂತೂ ಅಳುವೇ ಬಂತು. ಆಗಲೇ ಹಿಂದಿನಿಂದ ಒಬ್ಬರೇ ಒಬ್ಬರು ಜೋರಾಗಿ ಚಪ್ಪಾಳೆ ತಟ್ಟುವುದು ಕೇಳಿಸಿತು.

ತಿರುಗಿ ನೋಡಿದರೆ ಮಂಜಜ್ಜ! ಕಾಸರಕೋಡದ ಕಡಲ ದಂಡೆಯಲ್ಲಿ ನಡೆದ ನಮ್ಮ ವಾಲಿಬಾಲ್ ಶಿಬಿರದ ಶುರುವಿನಲ್ಲೇ ನೆಟ್ ಹರಿದುಹೋಗಿತ್ತು. ಪಕ್ಕದಲ್ಲಿ ಮೀನಿನ ಬಲೆ ಸರಿಮಾಡುತ್ತ ಕೂತಿದ್ದ ಈ ಅಜ್ಜನೇ ಅದನ್ನು ಹೊಲಿದುಕೊಟ್ಟಿದ್ದರು. "ಬಲೆಗೆ ಇಷ್ಟ್ ದೊಡ್ಡ ಕಣ್ಣಿದ್ರೆ ಎಂತ ಸಿಕ್ತದೆ?" ಎಂದು ಗೊಣಗುತ್ತ, ಹರಿದ ಜಾಗಕ್ಕೆ ತಮ್ಮ ಲೆಕ್ಕದ ಸಣ್ಣ ಕಣ್ಣುಗಳನ್ನೇ ಹಾಕಿದ್ದರು. ಕೊನೆಯ ದಿನದ ಮ್ಯಾಚಿಗೆ ತಮ್ಮ ಕೆಲಸ ನೋಡಲೆಂದೇ ಬಂದಿದ್ದರು.

"ಅಳೂದೆಂತಕ್ಕೆ ತಂಗಿ? ನೋಡು, ನನ್ನ ಬಲೆ ಬಿಡ್ಲಿಲ್ಲ. ಹೆಂಗೆ ಹಿಡೀತು!" ಎಂದರು, ಮುಖ ಅರಳಿಸಿಕೊಂಡು.

ಮೊದಲೇ ಸಿಟ್ಟಿನಲ್ಲಿದ್ದ ನಮ್ಮ ಕೋಚ್, "ಅಜ್ಜಾ, ಚೆಂಡು ಮೇಲಿಂದ ದಾಟ್ಬೇಕು. ಬಲೆಗೆ ಬಿದ್ರೆ ನಮ್ಗೆ ಲುಕ್ಸಾನು!" ಎಂದರು.

ಅಜ್ಜ ನೆಟ್ಟನ್ನೊಮ್ಮೆ, ಕೋಚ್ ಮುಖವನ್ನೊಮ್ಮೆ ನೋಡಿದರು. "ಬಿದ್ರೆ ಲುಕ್ಸಾನು ಅಂದ್ರೆ, ಬಲೆ ಕಟ್ಟಿದ್ದೆಂತಕ್ಕೆ ಮಾರಾಯ?"

ಕೋಚ್ ಸೀಟಿ ಊದಿ, ನಗುತ್ತಿದ್ದ ನಮ್ಮೆಲ್ಲರನ್ನೂ, ಗೆದ್ದವರನ್ನೂ ಸೇರಿಸಿ, ಮರಳಿನಲ್ಲಿ ಓಡಿಸಿದರು.

ಈಗಲೂ ನನ್ನ ಸರ್ವ್ ನೆಟ್ಟಿಗೆ ಬಿದ್ದರೆ, ಎಲ್ಲೋ ಮಂಜಜ್ಜ ಚಪ್ಪಾಳೆ ತಟ್ಟಿದ ಹಾಗಾಗಿ ನಗು ಬಂದುಬಿಡುತ್ತದೆ. ಪಾಯಿಂಟ್ ಹೋಗಿದ್ದಕ್ಕೆ ಒಮ್ಮೆ, ನಕ್ಕಿದ್ದಕ್ಕೆ ಇನ್ನೊಮ್ಮೆ ಕೋಚ್ ಬೈಯುತ್ತಾರೆ.